ಸತ್ಯವ್ವನ ಕೈಯಲ್ಲಿ ಏನಿದೆ?

ಆ ವರ್ಷ ನಮ್ಮ ಮನೆಯಲ್ಲಿ ದೀಪಾವಳಿಯ ಚಕ್ಕುಲಿ ಕರಿಯುವ ಹೊತ್ತಿನಲ್ಲೇ ಜಗಳ ಶುರುವಾಗಿತ್ತು. ಜಗಳ ಒಂದು ನಿಂಬೆಹಣ್ಣಿನದು. ಅದು ನಿಂಬೆಹಣ್ಣು ಎಂದು ನಾನು, ಅಲ್ಲ ಕತ್ತಿ ಎಂದು ನನ್ನ ಅಣ್ಣನ ಮಗಳು ಅಲಕಾ. ಆ ವಸ್ತುವನ್ನು ಇಬ್ಬರೂ ಕಂಡಿರಲಿಲ್ಲ. ಹೀಗಾಗಿ ವಾದಕ್ಕೆ ಯಾವ ಅಡಚಣೆಯೂ ಇರಲಿಲ್ಲ.

ನಾನು ತ್ರ್ಯಂಬಕರಾಯ, ಬೆಳಗಾವಿಯ ಅನಂತಶಯನ ಗಲ್ಲಿಯ ವಕೀಲ. ನನ್ನ ಹತ್ತಿರ ಬರುವ ಕಕ್ಷಿದಾರರು ಕಡಿಮೆ, ಬಂದವರು ಸೋತ ಮೇಲೆ ಮತ್ತೆ ಮುಖ ತೋರಿಸುವುದಿಲ್ಲ. ಆದ್ದರಿಂದ ಮನೆಯಲ್ಲಿ ಯಾರನ್ನಾದರೂ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಾದರೆ ಎಲ್ಲರೂ ನನ್ನ ಕಡೆಗೇ ನೋಡುತ್ತಾರೆ. ಅಣ್ಣ ಪಂಢರಿನಾಥನಿಗೆ ಕಲೆಕ್ಟರ್ ಕಚೇರಿಯಲ್ಲಿ ಕೆಲಸ, ರಜೆ ಸಿಗುವುದಿಲ್ಲ. ನನಗೆ ರಜೆ ಬಿಟ್ಟು ಬೇರೇನೂ ಸಿಗುವುದಿಲ್ಲ ಎಂದು ಅಣ್ಣನ ಹೆಂಡತಿ ಗಂಗೂಬಾಯಿ ವೈನಿಯ ಅಭಿಪ್ರಾಯ.

ಇದು ನಮ್ಮೂರಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷದ ಮಾತು. ಅಲಕಾ ಧಾರವಾಡದಲ್ಲಿ ಮಾವಶಿಯ, ಅಂದರೆ ವೈನಿಯ ತಂಗಿಯ, ಮನೆಯಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ವಿಷಯ ಇತಿಹಾಸ. ತರಗತಿಯಲ್ಲಿ ಇವಳೊಬ್ಬಳೇ ಹುಡುಗಿ. ಕೊನೆಯ ವರ್ಷದವರು ಒಬ್ಬೊಬ್ಬರೂ ಒಂದು ನಿಬಂಧ ಬರೆದು, ಜನವರಿಯಲ್ಲಿ ಕಾಲೇಜಿನ ಗ್ಯಾದರಿಂಗ್ ನಡೆಯುವಾಗ ಸಭೆಯ ಮುಂದೆ ಓದಬೇಕು. ಹುಡುಗರೆಲ್ಲ ಪೇಶ್ವೆಯರನ್ನು ಹಂಚಿಕೊಂಡಿದ್ದರು. ಅಲಕಾ ಮಾತ್ರ, ಯಾರೂ ಬರೆಯದ ಒಂದು ಕಲ್ಲಿನ ಬಗ್ಗೆ ತಾನೇ ಶೋಧಿಸಿ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಳು. ಅವರ ಪ್ರೊಫೆಸರ್ ಬಾಳಾಸಾಹೇಬರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

"ನಿನ್ನ ಕಣ್ಣಿಲೆ ನೋಡಿ, ಇನ್ನೊಬ್ಬರಿಗೆ ತೋರಿಸಲಿಕ್ಕೆ ಬರೂವಂಥಾ ಪುರಾವಾ ತಂದ್ರ ಬರಿ. ಇಲ್ಲಾಂದ್ರ ಎಲ್ಲಾರ ಹಂಗ ನೀನೂ ಪೇಶ್ವೆಯರ ಮ್ಯಾಲೇ ಬರಿ" ಎಂದಿದ್ದರು.

ಪೇಶ್ವೆಯರ ಬಗ್ಗೆ ಅಲಕಾಳಿಗೆ ದ್ವೇಷವೇನಿಲ್ಲ. ಆದರೆ ಹತ್ತು ಜನ ಅಗಿದದ್ದನ್ನು ಹನ್ನೊಂದನೆಯವಳಾಗಿ ಅಗಿಯಲು ಅವಳಿಗೆ ಮನಸ್ಸಿರಲಿಲ್ಲ. ಆ ನಿಬಂಧ ತನ್ನದೇ ಆಗಬೇಕು ಎಂಬ ಆಸೆ ಅವಳ ಮುಖದಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತೆಂದರೆ, ಚೇಷ್ಟೆ ಮಾಡುವ ನನಗೂ ಒಮ್ಮೊಮ್ಮೆ ಕನಿಕರ ಬರುತ್ತಿತ್ತು.

ಕಲ್ಲಿರುವುದು ಖಾನಾಪುರದಿಂದ ಜಾಂಬೋಟಿಯ ಕಡೆಗಿರುವ ಸಾತೋಳಿಯಲ್ಲಿ. ಆ ಹಳ್ಳಿಯಲ್ಲಿ ವೈನಿಯ ತವರಿನವರ ಗದ್ದೆಗಳಿವೆ. ಊರಂಚಿನ ಬಸರಿ ಮರದ ಕೆಳಗೆ, ಹೆಂಚಿನ ಸಣ್ಣ ಗುಡಿಯಲ್ಲಿ ನಿಂತ ಆ ಕಲ್ಲಿಗೆ ಸತ್ಯವ್ವ ಎಂದು ಹೆಸರು. ತಲೆತಲಾಂತರದಿಂದ ಎಣ್ಣೆ ಸಿಂಧೂರ ಮೆತ್ತಿ ಮೆತ್ತಿ ಮೂಲ ಕಲ್ಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೇಲೆತ್ತಿದ ಒಂದು ತೋಳು ಇದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಹಿಂದೊಮ್ಮೆ ಯಾವನೋ ಇಂಗ್ಲಿಷ್ ಅಧಿಕಾರಿ ಕುದುರೆಯಿಂದ ಇಳಿಯದೆಯೇ ನೋಡಿ, 'ಗಂಡನ ಚಿತೆ ಏರಿದ ಸತಿಯ ಕಲ್ಲು' ಎಂದು ಒಂದು ಸಾಲು ಬರೆದು ಹೋಗಿದ್ದ. ಸತಿಯ ಕಲ್ಲಿನಲ್ಲಿ ಎತ್ತಿದ ಕೈಯಲ್ಲಿ ನಿಂಬೆಹಣ್ಣು ಇರುವುದು ವಾಡಿಕೆ. ಆದ್ದರಿಂದ ನಾನು ನಿಂಬೆಹಣ್ಣಿನ ಪಕ್ಷ.

ಅಲಕಾ ಚಿಕ್ಕವಳಿದ್ದಾಗ ಸಾತೋಳಿಯಲ್ಲಿ ದಸರೆ ನೋಡಿದ್ದಳು. ಖಂಡೆಪೂಜೆಯ ದಿನ ಊರಿನ ಕೊಡಲಿ, ಕುಡುಗೋಲುಗಳೆಲ್ಲ ಮೊದಲು ಸತ್ಯವ್ವನ ಮುಂದೆ ಬಂದು ಕೂತು, ಆಮೇಲೆ ಬೇರೆ ದೇವರಿಗೆ ಹೋಗುತ್ತಿದ್ದವಂತೆ.

"ಚಿತಾ ಏರಿದಾಕಿ ಮುಂದ ಕೊಡ್ಲಿ ಯಾಕ ಇಡ್ತಾರ, ಕಾಕಾ? ಆಕಿ ಕಾದಾಡಿದಾಕಿ ಇರಬೇಕು" ಎಂದು ಅವಳ ವಾದ.

"ನಿಂಬಿಹಣ್ಣು ಕೊಯ್ಯಲಿಕ್ಕೆ ಇಟ್ಟಿರಬೇಕು" ಎಂದೆ ನಾನು. ವೈನಿ ನನ್ನ ತಟ್ಟೆಯಿಂದ ಚಕ್ಕುಲಿ ವಾಪಸು ತೆಗೆದುಕೊಂಡರು.

ದೀಪಾವಳಿ ಮುಗಿದದ್ದೇ ತಡ, ನಾವಿಬ್ಬರೂ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಚಕ್ಕಡಿ ಹಿಡಿದು ಸಾತೋಳಿ ಮುಟ್ಟಿದೆವು. ವೈನಿಯ ತವರಿನ ಗದ್ದೆ ಮಾಡುವ ಭೀಮಕ್ಕನ ಮನೆಯಲ್ಲಿ ನಮ್ಮ ಬಿಡಾರ. ಭೀಮಕ್ಕನಿಗೆ ವಯಸ್ಸಾಗಿದ್ದರೂ ದನಿಗೆ ಆಗಿರಲಿಲ್ಲ. ಬಂದ ಕಾರಣ ಕೇಳಿದವಳೇ ಗೋಡೆಯಾಚೆಗೆಲ್ಲ ಕೇಳುವ ಹಾಗೆ ಹೇಳಿದಳು:

"ಸತ್ಯವ್ವನ ಕೈಯಾಗ ಏನೈತಿ ಅಂತ ಕೇಳಾಕ ಧಾರವಾಡದಿಂದ ಬರಬೇಕೇನು? ಸೌಟೈತಿ! ಊರಿಗೆಲ್ಲಾ ಅನ್ನ ನೀಡಿದಾಕಿ ಆಕಿ."

ಪಕ್ಕದ ಫಕೀರವ್ವ ಬಂದು ಸೌಟಲ್ಲ, ಪಂಜು ಎಂದಳು. ಸಂಜೆಯೊಳಗೆ ಊರಿನ ಹೆಂಗಸರೆಲ್ಲ ಪಕ್ಷ ಕಟ್ಟಿದ್ದರು. ಸಿಂಧೂರದ ಪದರನ್ನು ಸ್ವಲ್ಪ ಕೆರೆದು ನೋಡಬಹುದೇ ಎಂದು ಅಲಕಾ ಕೇಳಿದಾಗ ಮಾತ್ರ ಎಲ್ಲರೂ ಒಂದೇ ಮಾತು ಹೇಳಿದರು. ದೇವಿಯನ್ನೇ ಕೇಳಬೇಕು. ಅಂದರೆ ಕೌಲು ಕೇಳಬೇಕು.

ನಮ್ಮ ಕಡೆ ಈ ಕೌಲಿನ ಪದ್ಧತಿ ಎಲ್ಲರಿಗೂ ಗೊತ್ತು. ಹೂವಿನ ಎಸಳು ನೀರಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ದೇವರ ಉತ್ತರ. ಮದುವೆ, ಬಿತ್ತನೆ, ಎಮ್ಮೆ ಮಾರುವುದು, ಎಲ್ಲಕ್ಕೂ ಇದೇ ಕೋರ್ಟು. ಇಲ್ಲಿನ ಪೂಜಾರಿ ಅವಧೂತ ಗುರವ ತನ್ನ ಕೋರ್ಟಿನ ಬಗ್ಗೆ ಬಲು ಬಿಗುಮಾನದ ಮನುಷ್ಯ. ಮರುದಿನ ಬೆಳಿಗ್ಗೆ ಅಲಕಾಳನ್ನು ಕೂರಿಸಿಕೊಂಡು ಪಾಠ ಹೇಳಿದ.

"ಬಲ ಅಂದ್ರ ಏನು, ಎಡ ಅಂದ್ರ ಏನು, ಮೊದಲ ದೇವೀಗೆ ಹೇಳಬೇಕು ಬಾಯಿ. ಹೇಳಲಾರದ ಬಿದ್ದ ಹೂವು ಬರೇ ಕಸ. ಮತ್ತ ಒಮ್ಮಿ ಕೇಳಿದ್ದನ್ನ ಆಕಿ ಮುಂದಿನ ದಸರಾದ ತನಕಾ ಮತ್ತ ಕೇಳಾಂಗಿಲ್ಲ."

"ಬಲಕ್ಕೆ ಬಿದ್ದರೆ ಸಿಂಧೂರ ತೆಗೆಯುವುದು, ಎಡಕ್ಕೆ ಬಿದ್ದರೆ ಬಿಡುವುದು" ಎಂದು ನಿಶ್ಚಯವಾಯಿತು. ಗುರವ ಎರಡು ಚೆಂಡುಹೂವಿನ ಎಸಳು ಅಂಟಿಸಿ ಕೈಮುಗಿದ. ಊರು ಕೈಮುಗಿಯಿತು. ಎಸಳುಗಳು ಅಲ್ಲಾಡಲಿಲ್ಲ.

ಹಬ್ಬಕ್ಕೆಂದು ದೇವಿಗೆ ಹೊಸ ಸಿಂಧೂರ ಮೆತ್ತಿದ್ದರು. ಆ ಜಿಗುಟಿನಲ್ಲಿ ಎಸಳು ಬೀಳುವುದೆಂತು? ನಾವು ಕಾದೆವು. ಬಿಸಿಲು ನೆತ್ತಿಗೆ ಬಂತು. ಹೆಂಗಸರು ಅಲ್ಲೇ ಕೂತು ಅವರೆಕಾಯಿ ಸುಲಿದರು. ಅಲಕಾ ರೆಪ್ಪೆ ಮಿಟುಕಿಸದೆ ಬಲಭುಜವನ್ನೇ ನೋಡುತ್ತಿದ್ದಳು. ನನಗೆ ಬೇಸರ ಬಂದು ತಪಕೀರಿನ ಡಬ್ಬಿ ತೆಗೆದೆ. ಗುರವನ ಕಣ್ಣು ಡಬ್ಬಿಯ ಮೇಲೆ ಬಿತ್ತು. ನ್ಯಾಯಾಧೀಶರ ಮನಸ್ಸು ಹಗುರಾಗಿದ್ದರೆ ಒಳ್ಳೆಯದು ಎಂದುಕೊಂಡು ಡಬ್ಬಿ ಮುಂದೆ ಹಿಡಿದೆ. ಅವನು ಧಾರಾಳವಾಗಿ ಒಂದು ಚಿಟಿಕೆ ತೆಗೆದು ಮೂಗಿಗೇರಿಸಿದ. ನಿಪ್ಪಾಣಿಯ ಖಡಕ್ ತಪಕೀರು ಅದು. ಗುರವ ಸೀನಿದ ರಭಸಕ್ಕೆ ಗುಡಿಯ ಗಂಟೆ ಅಲ್ಲಾಡಿತು, ಎಡಭುಜದ ಎಸಳು ಹಾರಿ ಭೀಮಕ್ಕನ ಅವರೆಕಾಯಿಯ ಮೊರದಲ್ಲಿ ಬಿತ್ತು.

"ಎಡಕ್ಕ!" ಎಂದಿತು ಊರು.

ನಾನು ಎದ್ದು ನಿಂತೆ. ನನ್ನ ವಕೀಲಿಯಲ್ಲೇ ಅತ್ಯುತ್ತಮ ವಾದವನ್ನು ನಾನು ಮಾಡಿದ್ದು ಆ ಬಸರಿ ಮರದ ಕೆಳಗೆ. ಎಸಳನ್ನು ಬೀಳಿಸಿದ್ದು ಸೀನು, ಸೀನಿದ್ದು ಗುರವ, ದೇವಿಯಲ್ಲ, ಆದ್ದರಿಂದ ಈ ಉತ್ತರ ಊರ್ಜಿತವಲ್ಲ ಎಂದೆ. ಗುರವ ಮೂಗು ಒರೆಸಿಕೊಂಡು ಶಾಂತವಾಗಿ ಕೇಳಿದ:

"ರಾಯರ, ಸೀನಿದಾಂವ ಯಾರು? ನಾನು. ನಾನು ಯಾರ ಪೂಜಾರಿ? ಆಕೀ ಪೂಜಾರಿ. ತಪಕೀರ ಕೊಟ್ಟಾವ್ರು ಯಾರು?"

ಮೊಕದ್ದಮೆ ಅಲ್ಲಿಗೆ ವಜಾ ಆಯಿತು. ಅಲಕಾ ನನ್ನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಭೀಮಕ್ಕನ ಪಡಸಾಲೆಯಲ್ಲಿ ಅಲಕಾ ಊಟ ಮುಟ್ಟದೆ ಕೂತಿದ್ದಳು. ಬೆಳಗಾವಿಗೆ ಹೋಗಿ ಪೇಶ್ವೆಯರ ಪುಸ್ತಕ ಬಿಚ್ಚುವುದೊಂದೇ ಉಳಿದಿತ್ತು. ಭೀಮಕ್ಕ ರೊಟ್ಟಿ ತಟ್ಟುತ್ತಾ ಸಮಾಧಾನ ಹೇಳುತ್ತಿದ್ದಳು.

"ಅಳಬ್ಯಾಡ ಮಗಳ. ಆಕಿ ಮನಸಿಗೆ ಬಂದಾಗ ತಾನ ಬಿಚ್ಚತಾಳ. ನಾ ಮದಿವ್ಯಾಗಿ ಬಂದ ವರ್ಷ ಕುಬಸಾ ಕಳದಿದ್ಳು."

"ಕುಬಸಾ ಅಂದ್ರ?" ಅಲಕಾ ತಲೆ ಎತ್ತಿದಳು.

ಸಿಂಧೂರದ ಕವಚ ಅತಿಯಾಗಿ ದಪ್ಪವಾದರೆ ಎಂದೋ ಒಂದು ದಿನ ಭಾರಕ್ಕೆ ತಾನೇ ಕಳಚಿ ಬೀಳುತ್ತದಂತೆ. ಊರವರು ಅದಕ್ಕೆ ದೇವಿ ಕುಪ್ಪಸ ಬದಲಿಸಿದಳು ಎನ್ನುತ್ತಾರೆ. ಅಂದು ಮೂಲ ಕಲ್ಲು ಕಾಣಲಿಲ್ಲವೇ ಎಂದರೆ, ಕಾಣಬಾರದು, ದೇವಿ ಬರಿಮೈಯಲ್ಲಿರುವಾಗ ಯಾರೂ ಕಣ್ಣೆತ್ತುವುದಿಲ್ಲ, ಗುರವ ಕಣ್ಣು ಮುಚ್ಚಿಕೊಂಡೇ ಹೊಸ ಸಿಂಧೂರ ಬಳಿಯುತ್ತಾನೆ ಎಂದಳು ಭೀಮಕ್ಕ. ನಾನು ನಕ್ಕೆ. ಅಲಕಾ ನಗಲಿಲ್ಲ.

"ಬಿದ್ದ ಕುಬಸಾ ಎಲ್ಲಿ ಹೋತು?"

"ಎಲ್ಲಿ ಹೋಗತೈತಿ? ಮನಿಗೊಂದು ತುಂಡು ಹಂಚಿಕೊಂಡ್ವಿ. ಭತ್ತದ ಕಣಜದಾಗ ಇಟ್ಟೀವಿ, ಸಮೃದ್ಧಿ ಅಂತ."

ಅಲಕಾ ಎದ್ದೇಬಿಟ್ಟಳು. ನನ್ನ ತೋಳು ಹಿಡಿದು ಜಗ್ಗಿದಳು. "ಕಾಕಾ! ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಮಾಡೂ ಅಚ್ಚು ನೋಡೀರಲ್ಲಾ? ಅಚ್ಚಿನ ಒಳಗ ಗೊಂಬಿ ತಗ್ಗಿನಾಗ ಇರ್ತದ, ಪಾಕ ಹಾಕಿದ್ರ ಮ್ಯಾಲೆ ಬರ್ತದ. ಆ ಕುಬಸಾ ಸತ್ಯವ್ವನ ಅಚ್ಚು! ಅದರ ಒಳಮೈಯಾಗ ಆಕಿ ಕೈ ಮೂಡಿರಲಿಕ್ಕೇಬೇಕು."

ದೇವಿ ತನ್ನ ಮೈಮೇಲಿನ ಸಿಂಧೂರ ತೆಗೆಯಬೇಡ ಎಂದಿದ್ದಳು. ಉಟ್ಟು ಬಿಟ್ಟದ್ದನ್ನು ನೋಡಬೇಡ ಎಂದು ಅವಳಾಗಲಿ ಗುರವನಾಗಲಿ ಹೇಳಿರಲಿಲ್ಲ. ವಕೀಲನಾಗಿ ನಾನು ಇದಕ್ಕೆ ತಲೆಬಾಗಿದೆ. ಗುರವ ಕೂಡ ಗಡ್ಡ ತುರಿಸಿಕೊಂಡು ಒಪ್ಪಿದ.

ಆದರೆ ತುಂಡನ್ನು ಹೊಸಿಲು ದಾಟಿಸಲು ಯಾವ ಮನೆಯವರೂ ಸಿದ್ಧರಿರಲಿಲ್ಲ. ಅದು ಹೊರಗೆ ಹೋದರೆ ಮನೆಯ ಲಕ್ಷ್ಮಿ ಹೋದಂತೆ. ಅಲಕಾ ಅದಕ್ಕೂ ದಾರಿ ಹುಡುಕಿದಳು. ಗದ್ದೆಯ ಜೇಡಿಮಣ್ಣು ತಂದು ಕಣಕದ ಹಾಗೆ ನಾದಿ, ಒಂದೊಂದು ಮನೆಯಲ್ಲೂ ಕುಬಸದ ತುಂಡಿನ ಒಳಮೈಗೆ ಒತ್ತಿ, ಮೆಲ್ಲಗೆ ಬಿಡಿಸಿಕೊಳ್ಳುವುದು. ತುಂಡು ಕಣಜಕ್ಕೆ, ಮಣ್ಣಿನಲ್ಲಿ ಮೂಡಿದ ಅಚ್ಚು ನಮಗೆ. ಮಣ್ಣಿನ ಬುಟ್ಟಿ ಹೊರುವ ಕೆಲಸ ಹೈಕೋರ್ಟಿಗೆ ಹೋಗುವ ಕನಸು ಕಂಡಿದ್ದ ನನ್ನ ಪಾಲಿಗೆ ಬಂತು.

ಬುಟ್ಟಿಗಿಂತ ಭಾರವಾದದ್ದು ಉಪಚಾರ. ದೇವಿಯ ಕೆಲಸಕ್ಕೆ ಬಂದವರು ಹಸಿದು ಹೋಗಬಾರದೆಂದು ಒಂದು ಮನೆಯಲ್ಲಿ ಅವಲಕ್ಕಿ, ಮುಂದಿನದರಲ್ಲಿ ಮಜ್ಜಿಗೆ ಅನ್ನ, ಅದರ ಮುಂದಿನದರಲ್ಲಿ ಬೆಲ್ಲ ತುಪ್ಪ ಹಚ್ಚಿದ ಅಕ್ಕಿರೊಟ್ಟಿ. ಅಲಕಾಳಿಗೆ ಹಸಿವೆಯ ಮೇಲೆ ಲಕ್ಷ್ಯವಿಲ್ಲದ್ದರಿಂದ ಅವಳ ಪಾಲೂ ನನಗೇ. ಫಕೀರವ್ವನ ಮನೆಯಲ್ಲಿ ದೇವಿಯ ಸೊಂಟ ಸಿಕ್ಕಿತು. ಹಣಮಪ್ಪನ ಮನೆಯಲ್ಲಿ ಕಾಲಂದುಗೆ. ಇನ್ನೊಂದು ಮನೆಯ ತುಂಡಿನಲ್ಲಿ ಏನೂ ಇಲ್ಲದ ಬರೀ ಹಿಂಬದಿ. ಆ ಮನೆಯವಳು ಬೇಸರಪಟ್ಟಾಗ ಅಲಕಾ, ಇದು ದೇವಿಯ ಬೆನ್ನ ಹಿಂದಿನ ಬಂಡೆ, ಇದಿಲ್ಲದೆ ದೇವಿ ನಿಲ್ಲುವುದೇ ಇಲ್ಲ ಎಂದಳು. ಅವಳು ಖುಷಿಯಾಗಿ ಇನ್ನೊಂದು ರೊಟ್ಟಿ ಬಡಿಸಿದಳು. ನನಗೆ!

ಕೈ ಮಾತ್ರ ಸಿಗಲಿಲ್ಲ. ಭೀಮಕ್ಕ ಎಣಿಸಿ ಹೇಳಿದ್ದ ಮನೆಗಳಲ್ಲಿ ಕೊನೆಗೆ ನಾವು ಉಳಿದಿದ್ದ ಮನೆಯ ತುಂಡೇ ಬಾಕಿ ಉಳಿಯಿತು. ಭೀಮಕ್ಕ ಕಣಜಕ್ಕೆ ಕೈಹಾಕಿ ಕೆಂಪು ಬಟ್ಟೆಯ ಗಂಟು ತೆಗೆದಳು. ಅಲಕಾ ಮಣ್ಣು ಒತ್ತಿ, ಉಸಿರು ಬಿಗಿಹಿಡಿದು ಬಿಡಿಸಿದಳು.

ಬಿಗಿಹಿಡಿದ ಒಂದು ಮುಷ್ಟಿ. ಮುಷ್ಟಿಗೆ ಅಂಟಿಕೊಂಡು ಒಂದು ದುಂಡನೆಯ ಗುಂಡು.

"ನಿಂಬಿಹಣ್ಣು!" ಎಂದು ನಾನು ಕೂಗಿದೆ. ಕೂಗಿದ ಮೇಲೆ ಅಲಕಾಳ ಮುಖ ನೋಡಿದೆ. ಗೆದ್ದ ಮೊಕದ್ದಮೆ ಅಷ್ಟು ಕಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೆದ್ದ ಅನುಭವ ಇದ್ದರೆ ತಾನೆ?

"ಇರಲಿ ಕಾಕಾ. ನಿಂಬಿಹಣ್ಣಿದ್ರ ನಿಂಬಿಹಣ್ಣಂತನ ಬರೀತೀನಿ" ಎಂದಳು. ಆಮೇಲೆ ತುಂಡಿನ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. "ಭೀಮಕ್ಕಾ, ಉಳಿದ ತುಂಡಿನ ಅಂಚೆಲ್ಲಾ ಮೊಂಡಾಗ್ಯಾವ. ಇದರದು ಈ ಕಡೆ ಸೀಳಿದ್ಹಂಗ ಅದ. ಯಾಕ?"

ಭೀಮಕ್ಕ ಸೆರಗು ಸರಿಪಡಿಸಿಕೊಂಡಳು. ಹೇಳಲು ಮನಸ್ಸಿಲ್ಲ, ಹೇಳದೆ ಇರಲೂ ಆಗದು. ಗೋಡೆಯಾಚೆ ಇರುವ ಸಂಗವ್ವ ಅವಳ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಒಂದೇ ಮನೆಯಾಗಿದ್ದಾಗ ಸಿಕ್ಕ ತುಂಡು ಇದು. ಅಣ್ಣತಮ್ಮಂದಿರು ಬೇರೆಯಾದಾಗ ಪಾತ್ರೆ, ಎತ್ತು, ಒರಳು ಎಲ್ಲವನ್ನೂ ಪಾಲು ಮಾಡಿ, ಕೊನೆಗೆ ಇದನ್ನೂ ಮಚ್ಚಿನಿಂದ ಎರಡು ಮಾಡಿದ್ದರು. ಒರಳು ಯಾರಿಗೆ ಎಂಬುದರ ಮೇಲೆ ನೆಗೆಣ್ಣಿಯರ ನಡುವೆ ಆಗ ನಿಂತ ಮಾತು ಇನ್ನೂ ಶುರುವಾಗಿರಲಿಲ್ಲ. ನಾನು ಎಷ್ಟೋ ಪಾಲಿನ ದಾವೆ ನೋಡಿದ್ದೇನೆ, ದೇವರ ಕೈಯನ್ನು ಪಾಲು ಮಾಡಿದ್ದು ಅದೇ ಮೊದಲು ಕೇಳಿದ್ದು.

ಅಲಕಾ ಮಣ್ಣು ಹಿಡಿದು ಓಡಿದಳು. ಸಂಗವ್ವನ ಮನೆಯ ಅಚ್ಚು ಬಿಡಿಸಿ ತಂದು ಎರಡು ಹಿತ್ತಿಲುಗಳ ನಡುವಿನ ಮೋಟುಗೋಡೆಯ ಮೇಲೆ ಇಟ್ಟು, ಭೀಮಕ್ಕನದನ್ನು ಅದರ ಬಾಜುಕ್ಕೆ ತಂದು, ತಿರುಗಿಸಿ ಜೋಡಿಸಿದಳು. ಸೀಳು ಸೀಳಿಗೆ ಕೂತಿತು. ನಾನು ನಿಂಬೆಹಣ್ಣೆಂದದ್ದು ಮುಷ್ಟಿಯ ಕೆಳಗಿನ ಹಿಡಿಕೆಯ ಗುಂಡು. ಮುಷ್ಟಿಯ ಮೇಲೆ ಅಗಲವಾದ, ತುದಿ ಸ್ವಲ್ಪ ಬಾಗಿದ ಕತ್ತಿ ನೆಟ್ಟಗೆ ನಿಂತಿತ್ತು.

ಅಲಕಾ ಕುಣಿದಳು. ಬಿ.ಎ. ಕೊನೆಯ ವರ್ಷದ ಹುಡುಗಿ, ಮೊಣಕೈವರೆಗೆ ಕೆಸರು, ಹಿತ್ತಿಲಲ್ಲಿ ಕುಣಿದಳು. ಗೋಡೆಯ ಆಚೀಚೆ ನಿಂತ ನೆಗೆಣ್ಣಿಯರು ಕತ್ತಿಯನ್ನೇ ನೋಡುತ್ತಿದ್ದರು.

"ರಾಯರ, ಆಕೀಗೆ ಹೇಳ್ರಿ, ಕತ್ತಿ ನಮ್ಮನ್ಯಾಗ ಐತಿ ಅಂತ" ಎಂದಳು ಸಂಗವ್ವ ನನ್ನ ಕಡೆ ತಿರುಗಿ.

"ರಾಯರ, ಆಕೀಗೂ ಹೇಳ್ರಿ. ಹಿಡದ ಕೈ ನಮ್ಮನ್ಯಾಗ ಐತಿ. ಕೈ ಇಲ್ಲದ ಕತ್ತೀಲೆ ಏನ್ ಮಾಡೂದು, ಬದನಿಕಾಯಿ ಹೆಚ್ಚೂದೇನು?" ಎಂದಳು ಭೀಮಕ್ಕ. ಸೌಟಿನ ಸುದ್ದಿಯನ್ನು ಅವಳು ಮತ್ತೆ ಎತ್ತಲಿಲ್ಲ.

ಒಣಗಿದ ಅಚ್ಚುಗಳನ್ನು ಹುಲ್ಲಿನಲ್ಲಿಟ್ಟು ಪೆಟ್ಟಿಗೆಗೆ ತುಂಬಿ, ನಾನೇ ಅಲಕಾಳ ಜೊತೆ ಧಾರವಾಡಕ್ಕೆ ಹೋದೆ. ಬಾಳಾಸಾಹೇಬರು ಬಹಳ ಹೊತ್ತು ನೋಡಿದರು. ನಡೆದದ್ದನ್ನೆಲ್ಲ ಕೇಳಿದರು, ಸೀನಿನ ಕಥೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರರಾದರು.

"ಭಾಳ ಛಲೋ ಕೆಲಸ ಮಾಡೀದಿ. ಆದ್ರ ಇದು ಮಣ್ಣು, ಅಲಕಾ. ಒತ್ತಿದ್ಹಂಗ ಆಗ್ತದ. 'ಈ ಕತ್ತಿ ನಿನ್ನ ಬೆರಳು ಮಾಡಿದ್ದಲ್ಲ ಅನ್ನಲಿಕ್ಕೆ ಏನದ' ಅಂತ ಸಭಾದಾಗ ಯಾರರೆ ಕೇಳಿದ್ರ ಏನು ತೋರಸ್ತಿ? ಆ ಎರಡು ಮೂಲ ತುಂಡು ತಾ. ಅವು ಮೇಜಿನ ಮ್ಯಾಲಿದ್ರ ನಿನ್ನ ನಿಬಂಧ ಓದು. ಇಲ್ಲಾಂದ್ರ ಪೇಶ್ವೆಯರದ ಓದಬೇಕಾಗ್ತದ."

ಹೊರಗೆ ಬಂದು ನಾನು ಕಿಡಿಕಾರಿದೆ. ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಸಿಟ್ಟು. "ನಡಿ, ಸಾತೋಳಿಗೆ ಹೋಗೂಣು. ಭೀಮಕ್ಕನ ಕೈಕಾಲು ಹಿಡದು ಕೇಳೂಣು" ಎಂದೆ.

"ಬ್ಯಾಡ ಕಾಕಾ" ಎಂದಳು ಅಲಕಾ. "ಅದು ಹೊಸಿಲು ದಾಟಿದ್ರ ಮನಿ ಲಕ್ಷ್ಮಿ ಹೋಗ್ತಾಳ ಅಂತ ಅವ್ರು ನಂಬ್ಯಾರ. ನಾ ಕೇಳಿದ್ರ ಭಿಡೇಕ್ಕ ಕೊಟ್ಟಾರು, ಆಮ್ಯಾಲೆ ವರ್ಷಾನುಗಟ್ಟಲೆ ಹೆದರತಾರ. ನನ್ನ ಒಂದು ನಿಬಂಧದ ಸಲುವಾಗಿ ಅದು ಬ್ಯಾಡ."

ಅವಳು ಪೇಶ್ವೆಯರನ್ನೂ ಬರೆದಳು, ಹರಳೆಣ್ಣೆ ಕುಡಿದಂತೆ. ಸತ್ಯವ್ವನ ನಿಬಂಧವನ್ನೂ ಬರೆದು ಮುಗಿಸಿ ಪೆಟ್ಟಿಗೆಯಲ್ಲಿಟ್ಟಳು. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ವೈನಿ ಕೂಡ ನನ್ನನ್ನು ಹಂಗಿಸುವುದು ಬಿಟ್ಟರು. ಅದು ನನಗೆ ಇನ್ನೂ ಚುಚ್ಚಿತು.

ಸಂಕ್ರಮಣದ ಹೊತ್ತಿಗೆ ಒಂದು ಸಣ್ಣ ಕೆಲಸಕ್ಕೆ ನಾನು ಖಾನಾಪುರದ ಕಚೇರಿಗೆ ಹೋಗಿದ್ದೆ. ಪೇಟೆಯಲ್ಲಿ ಎಳ್ಳು ಕೊಳ್ಳುತ್ತಿದ್ದ ಭೀಮಕ್ಕ ಸಿಕ್ಕಳು.

"ಏನಂದ್ರು ರೀ ಮಾಸ್ತರು, ನಮ್ಮ ಕತ್ತೀಗೆ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಲಕಾ ಕೇಳಬೇಡ ಎಂದದ್ದನ್ನೂ ಹೇಳಿದೆ, ಗ್ಯಾದರಿಂಗ್ ಯಾವತ್ತು ಎಂಬುದನ್ನೂ ಹೇಳಿದೆ. ಅವಳು "ಹೌದೇನ್ರಿ" ಎಂದಳು. ಎಳ್ಳಿನ ಗಂಟು ಕಟ್ಟಿ, ಚಕ್ಕಡಿ ಹತ್ತಿ ಹೋದಳು.

ಗ್ಯಾದರಿಂಗಿನ ದಿನ ಅಣ್ಣ, ವೈನಿ, ನಾನು ಧಾರವಾಡದ ಆ ದೊಡ್ಡ ಹಾಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಅಣ್ಣನಿಗೆ ಅಂದು ರಜೆ ಸಿಕ್ಕಿತ್ತು! ಒಬ್ಬರಾದ ಮೇಲೆ ಒಬ್ಬರು ಪೇಶ್ವೆಯರು ಬಂದು ಹೋದರು. ಒಬ್ಬ ಪೇಶ್ವೆಯಂತೂ ಎರಡು ಸಲ ಸತ್ತ. ಕೊನೆಗೆ ಅಲಕಾಳ ಹೆಸರು ಕರೆದರು. ಅವಳು ಕಾಗದ ಹಿಡಿದು ವೇದಿಕೆ ಹತ್ತಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು.

"ಬಿಡೋ ತಮ್ಮಾ, ನಾವು ಆಕೀ ಮಂದಿ!"

ಆ ದನಿ ಬೇರೆ ಯಾರದೂ ಅಲ್ಲ. ಭೀಮಕ್ಕ ಬಂದಳು, ಇಳಕಲ್ ಸೀರೆಯುಟ್ಟು, ಎದೆಗೆ ಕೆಂಪು ಗಂಟು ಒತ್ತಿಕೊಂಡು. ಹಿಂದೆ ಸಂಗವ್ವ, ಅವಳ ಎದೆಗೂ ಒಂದು ಗಂಟು. ಇಬ್ಬರ ನಡುವೆ, ಬೇಲಿಯ ಹಾಗೆ, ಅವಧೂತ ಗುರವ. ಹೊಸಿಲು ಎಂದೂ ದಾಟದ ಗಂಟುಗಳು ಮಲಪ್ರಭೆ ದಾಟಿ, ಲೋಂಡಾ ದಾಟಿ ಧಾರವಾಡಕ್ಕೆ ಬಂದಿದ್ದವು. ಅಲಕಾ ಕೈಯಲ್ಲಿದ್ದ ಪೇಶ್ವೆಯರನ್ನು ಕೆಳಗೆ ಬೀಳಿಸಿದಳು.

"ಭೀಮಕ್ಕಾ, ಯಾಕ ತಂದ್ರಿ? ಮನ್ಯಾಗಿಂದ ಹೊರಗ..."

"ಕೇಳೇ ಬಂದೀವಿ ಮಗಳ. ಸತ್ಯವ್ವನ್ನ ಕೌಲು ಕೇಳೇ ಬಂದೀವಿ" ಎಂದಳು ಭೀಮಕ್ಕ. ಗುರವ ಛಾವಣಿಯ ಕಡೆ ನೋಡಿದ.

ಮೇಜಿನ ಮೇಲೆ ಹೊಸ ಬಟ್ಟೆ ಹಾಸಿ ಇಬ್ಬರೂ ತಮ್ಮ ತಮ್ಮ ತುಂಡು ಇಟ್ಟರು. ಜೋಡಿಸಬೇಕಲ್ಲ? ಭೀಮಕ್ಕ ತನ್ನದನ್ನು ಸರಿಸಿದಳು, ಅದು ಕೂರಲಿಲ್ಲ. ಆಗ ಸಂಗವ್ವ, ಯಾವ ರಾಯರನ್ನೂ ನಡುವೆ ತರದೆ, "ಅಕ್ಕಾ, ಹಂಗಲ್ಲ, ಸ್ವಲ್ಪ ತಿರುವು" ಎಂದಳು. ಭೀಮಕ್ಕ ತಿರುವಿದಳು. ಸೀಳು ಸೀಳಿಗೆ ಕೂತಿತು. ನಾನು ಏನೋ ಆಸೆಯಿಂದ ಹೊತ್ತು ತಂದಿದ್ದ ಪೆಟ್ಟಿಗೆಯಿಂದ ಅಲಕಾ ತನ್ನ ನಿಬಂಧ ತೆಗೆದುಕೊಂಡು, ತುಂಡುಗಳ ಪಕ್ಕದಲ್ಲಿ ಮಣ್ಣಿನ ಅಚ್ಚು ಇಟ್ಟಳು. ಬಾಳಾಸಾಹೇಬರು ಕನ್ನಡಕ ಏರಿಸಿಕೊಂಡು ಬಗ್ಗಿದರು, ಕೈ ಚಾಚಿದರು.

"ನೋಡ್ರಿ, ಮುಟ್ಟಬ್ಯಾಡ್ರಿ" ಎಂದಳು ಭೀಮಕ್ಕ.

ಪ್ರೊಫೆಸರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸಾಲಿ ಹುಡುಗನ ಹಾಗೆ ಬಗ್ಗಿ ಬಗ್ಗಿ ನೋಡಿದರು. ನೆಟ್ಟಗಾಗಿ, "ಅಲಕಾ, ಪೇಶ್ವೆಯರು ಸಾಕು. ನಿನ್ನದ ಓದು" ಎಂದರು.

ಅವಳು ಓದಿದಳು. ಸತ್ಯವ್ವ ಯಾರು, ಯಾರೊಡನೆ ಕಾದಿದಳು ಎಂಬುದು ತನಗೆ ಗೊತ್ತಿಲ್ಲ ಎಂದೇ ಓದಿದಳು. ಗೊತ್ತಿರುವುದು ಇಷ್ಟೇ, ಅವಳ ಕೈಯಲ್ಲಿ ಕತ್ತಿಯಿದೆ, ಇದನ್ನು ಸಾತೋಳಿಯ ಮನೆಮನೆಯವರು ಕಾಪಾಡಿಕೊಂಡು ಬಂದಿದ್ದಾರೆ ಎಂದು ಒಬ್ಬೊಬ್ಬರ ಹೆಸರೂ ಹೇಳಿದಳು. ಬೆನ್ನ ಹಿಂದಿನ ಬಂಡೆಯವಳ ಹೆಸರನ್ನೂ ಬಿಡಲಿಲ್ಲ. ನನ್ನ ಅಣ್ಣ ಕಣ್ಣೊರೆಸಿಕೊಂಡ. ನಾನು ತಪಕೀರಿನ ನೆವ ಮಾಡಿದೆ.

ಮರುದಿನ ಎಲ್ಲರೂ ಒಂದೇ ರೈಲುಡಬ್ಬಿಯಲ್ಲಿ ಹಿಂತಿರುಗಿದೆವು. ನೆಗೆಣ್ಣಿಯರು ಮಡಿಲಲ್ಲಿ ಗಂಟಿಟ್ಟುಕೊಂಡು ಒಂದೇ ಬೆಂಚಿನ ಮೇಲೆ ಕೂತು ಒರಳಿನ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದ್ದರು, ಈ ಸಲ ನೇರವಾಗಿ. ಅಲಕಾ ಅವರ ಎದುರಿಗೆ ಕೂತು ಒಬ್ಬಳೇ ನಗುತ್ತಿದ್ದಳು. ನನಗೆ ಮಾತ್ರ ಒಂದು ಅನುಮಾನ ಕೊರೆಯುತ್ತಿತ್ತು. ಗುರವ ಛಾವಣಿ ನೋಡಿದ್ದು ಯಾಕೆ?

"ಭೀಮಕ್ಕಾ, ಖರೇ ಹೇಳು. ಹೂವು ಬಲಕ್ಕ ಬಿತ್ತೇನು?"

"ಇಲ್ರಿ. ಎಡಕ್ಕ ಬಿತ್ತು."

ನಗು ನಿಂತಿತು. ಅಲಕಾ ಗಾಬರಿಯಿಂದ ನೆಟ್ಟಗೆ ಕೂತಳು. "ಎಡಕ್ಕ ಬಿತ್ತಾ? ಹಂಗಾರ ಹೆಂಗ ಬಂದ್ರಿ?"

ಭೀಮಕ್ಕ ಕಿಟಕಿಯಾಚೆ ನೋಡುತ್ತಾ, ಇದರಲ್ಲಿ ಕೇಳುವುದೇನಿದೆ ಎಂಬ ದನಿಯಲ್ಲಿ ಹೇಳಿದಳು:

"ಬಲ ಅಂದ್ರ ಏನು, ಎಡ ಅಂದ್ರ ಏನು, ನಾವ ಹೇಳಬೇಕಲ್ಲವಾ? ಬಲಕ್ಕ ಬಿದ್ರ ಸಂಜಿ ಗಾಡಿಗೆ ಹೋಗತೀವಿ, ಎಡಕ್ಕ ಬಿದ್ರ ನಸುಕಿನ ಗಾಡಿಗೆ ಹೋಗತೀವಿ ಅಂತ ಹೇಳಿದ್ವಿ. ಎಡಕ್ಕ ಬಿತ್ತು. ಅದಕ್ಕ ನಸುಕಿನ ಗಾಡಿಗೆ ಬಂದ್ವಿ."